ತುಕ್ಕಿನ ಮೇಲೆ ಬಳಿದ ಕಪ್ಪು

ಶಿಷ್ಯ ದೂಮಪ್ಪ ಗುರುಗಳನ್ನು ಕೇಳಿದ: “ಗುರುಗಳೇ, ಹಿಂದೊಮ್ಮೆ ಸಿಟ್ಟಿನಲ್ಲಿ ಅಣ್ಣನ ಮೇಲೆ ಸುಳ್ಳು ಅಪವಾದ ಹೊರಿಸಿದ್ದೆ. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಹಬ್ಬಕ್ಕೆ ಹೋಗುತ್ತೇನೆ, ಜೊತೆಗೆ ಕೂತು ಉಣ್ಣುತ್ತೇವೆ, ನಗುತ್ತೇವೆ. ಈಗ ಅದನ್ನು ಕೆದಕಿ ತಪ್ಪಾಯಿತು ಎನ್ನಲೇಬೇಕೇ?”

“ಅಣ್ಣ ಮೊದಲಿನ ಹಾಗೆ ಮನಸ್ಸು ಬಿಚ್ಚಿ ಮಾತಾಡುತ್ತಾನೋ?”

“ಈಗೀಗ ಕಡಿಮೆ.”

“ಹಾಗಾದರೆ ಕೇಳು ಮಾರಾಯ” ಎಂದು ಗುರುಗಳು ಕತೆ ಹೇಳಿದರು.

ಕಡಲ ಕರೆಯ ಊರಿನಲ್ಲಿ ಒಬ್ಬ ಮೀನಿನ ವ್ಯಾಪಾರಿ ಇದ್ದ. ಹಳೆಯ ಕಾರಿನ ಹಿಂದಿನ ಸೀಟು ಕಿತ್ತು ಅಲ್ಲಿ ಮೀನಿನ ಬುಟ್ಟಿಗಳನ್ನು ಇಡುತ್ತಿದ್ದ. ಮುಂದೆ ಅವನ ಪಕ್ಕದಲ್ಲಿ ಹೆಂಡತಿ ಕೂರುತ್ತಿದ್ದಳು. ಇಬ್ಬರೂ ಊರೂರು ತಿರುಗಿ ಮಾರುತ್ತಿದ್ದರು. ಬುಟ್ಟಿಯಿಂದ ಸೋರಿದ ಉಪ್ಪುನೀರು ಕಾರಿನ ತಳಕ್ಕೆ ಇಳಿಯುತ್ತಿತ್ತು. ಉಪ್ಪು ಬಿಟ್ಟೀತೇ? ತಳಕ್ಕೆ ತುಕ್ಕು ಹಿಡಿಯಿತು.

ಗ್ಯಾರೇಜಿನವನು ನೋಡಿ ಹೇಳಿದ: “ಕಾರು ಬಿಟ್ಟು ಹೋಗಿ. ತುಕ್ಕನ್ನು ಪೂರ್ತಿ ಕೆರೆದು ಒಳ್ಳೆಯ ಕಬ್ಬಿಣ ಕಾಣುವಂತೆ ಮಾಡಬೇಕು. ಆಮೇಲೆ ಕೆಂಪು ಪ್ರೈಮರ್ ಹೊಡೆದು, ಒಣಗಿದ ಮೇಲೆ ಕಪ್ಪು ಬಳಿಯೋಣ.”

ವ್ಯಾಪಾರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಆಯುಧ ಪೂಜೆ ಬೇರೆ ಹತ್ತಿರ ಬಂದಿತ್ತು. ಒಂದು ಡಬ್ಬ ಡಾಂಬರು ತಂದು ತುಕ್ಕಿನ ಮೇಲೆಯೇ ಬಳಿದ. ಕಾರಿಗೆ ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದ. ಅಂದಿನಿಂದ ಪ್ರತಿ ಆಯುಧ ಪೂಜೆಗೂ ಹಾರ ಮೇಲಕ್ಕೆ, ಡಾಂಬರು ಕೆಳಕ್ಕೆ. ನೀರು ಆ ಕಪ್ಪಿನೊಳಗೆ ಸಿಕ್ಕಿಕೊಂಡು ಒಣಗಲೇ ಇಲ್ಲ.

ಹೆಂಡತಿ ಹೇಳಿದಳು: “ನನ್ನ ಕಾಲಡಿಯ ಚಾಪೆ ಒದ್ದೆಯಾಗುತ್ತದೆ. ಒಮ್ಮೆ ಯಾರಿಗಾದರೂ ತೋರಿಸಿ ಮಾರಾಯ್ರೆ.”

“ಬಗ್ಗಿ ನೋಡು, ಹೇಗೆ ಮಿರಮಿರ ಮಿಂಚುತ್ತಿದೆ! ಹೊಸ ಕಾರಿಗೂ ಇಂಥ ತಳ ಇಲ್ಲ” ಎಂದ.

ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಅವನಿಗೆ ತಿಳಿಯದ್ದೇನಲ್ಲ. ಊರವರ ವಿಷಯದಲ್ಲಿ ಅವನೇ ಎಷ್ಟೋ ಸಲ ಅದನ್ನು ಹೇಳಿ ನಕ್ಕಿದ್ದ.

ಒಂದು ಬೆಳಿಗ್ಗೆ ಕಾರು ಹೊಂಡಕ್ಕೆ ಇಳಿದು ಕುಲುಕಿತು. ಹೆಂಡತಿಯ ಕಾಲಡಿಯ ತಗಡು ಕುಸಿದು, ಅವಳ ಬಲಗಾಲು ಓಡುತ್ತಿದ್ದ ಕಾರಿನ ಕೆಳಗೆ ರಸ್ತೆಗೆ ಸಿಕ್ಕಿತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಅಯ್ಯೋ, ಅವನು ಎಷ್ಟು ಅತ್ತರೇನು? ಅವಳು ಒಂದು ದಿನವೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಅವನು ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದ. “ಎಷ್ಟು ದಿನವಾದರೂ ಇಟ್ಟುಕೋ. ನೀನು ಹೇಳಿದ ಹಾಗೆಯೇ ಕೆರೆದು ಕೊಡು” ಎಂದು ಕೈಮುಗಿದ. ಗ್ಯಾರೇಜಿನವನು ತಳಕ್ಕೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದ. ತಟ್ಟಿದಲ್ಲೆಲ್ಲ ಕೆಂಪು ಪುಡಿ ಉದುರಿತು. ಇಷ್ಟು ವರ್ಷ ಆ ಕಾರಿಗೆ ತಳವಾಗಿ ನಿಂತಿದ್ದದ್ದು ಬರೀ ಡಾಂಬರು.

ಕತೆ ಕೇಳಿ ದೂಮಪ್ಪನ ಕಣ್ಣು ತುಂಬಿತು. “ನನ್ನದು ತಪ್ಪಾಯಿತು ಗುರುಗಳೇ. ಬರುವ ದೀಪಾವಳಿಗೆ ಹೋದಾಗ ಅಣ್ಣನ ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಡುತ್ತೇನೆ” ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: “ಅಲ್ಲಿಯವರೆಗೆ ಕೆರೆಯುವುದಕ್ಕೆ ಕಬ್ಬಿಣ ಉಳಿದೀತೇ, ದೂಮಪ್ಪ?”