ರಂಗಿ ಬೆಕ್ಕಿನ ಸನ್ಯಾಸ

ಮುದಿ ಜೀವಕ್ಕೆ ಹಸಿವಾಗೋದಿಲ್ಲ. ಆಗ ಎಲ್ಲರೂ ಹಾಗಂತ ನಂಬಿದ್ದರಂತೆ. ಆಗ ಅಂದರೆ ಯಾವಾಗ ಅಂತ ಕೇಳಬೇಡ, ನನಗೆ ಈ ಕತೆ ಹೇಳಿದವಳಿಗೂ ಗೊತ್ತಿರಲಿಲ್ಲ. ಒಂದಾನೊಂದು ಕಾಲ ಅಂತಿಟ್ಟುಕೋ, ಹೊಳೆದಂಡೆಯಲ್ಲಿ ಒಂದೂರು ಅಂತಿಟ್ಟುಕೋ, ನಡುನಡುವೆ ಹೂಂ ಅಂತಿರು. ನೀನು ಹೂಂ ಅನ್ನದಿದ್ದರೆ ನಾನೂ ಮಗ್ಗುಲಾಗ್ತೀನಿ.

ಆ ಊರಿನವರ ಕಸುಬು ಮಂಡಕ್ಕಿ ಹುರಿಯೋದು. ಮನೆಗೊಂದು ಭಟ್ಟಿ, ಭಟ್ಟಿಯ ಮೇಲೊಂದು ಬಾಣಲೆ, ಬಾಣಲೆ ತುಂಬ ಕಾದ ಮರಳು, ಆ ಮರಳಿಗೆ ಅಕ್ಕಿ ಸುರಿದರೆ ಪಟಪಟ ಅಂತ ಅರಳ್ತಿತ್ತಂತೆ, ಆಮೇಲೆ ಜರಡಿ ಹಿಡಿದು ಮರಳು ಬೇರೆ, ಮಂಡಕ್ಕಿ ಬೇರೆ ಮಾಡ್ತಿದ್ದರಂತೆ. ಅಕ್ಕಿಗೆ ಇಲಿ ಬರ್ತಿತ್ತು, ಇಲಿಗೆ ಅಂತ ಮನೆಗೊಂದು ಬೆಕ್ಕು ಸಾಕಿದ್ದರು. ಬೆಕ್ಕಿನ ಊಟವೂ ಮಂಡಕ್ಕಿಯೇ. ಜರಡಿಯ ತಳದಲ್ಲಿ ಉಳಿದ ಪುಡಿ ಮಂಡಕ್ಕಿ, ಮೇಲೊಂದಿಷ್ಟು ತಣ್ಣನೆ ಮಜ್ಜಿಗೆ. ಅದರಲ್ಲಿ ಕಾಲು ಪಾಲು ಮರಳೇ ಇರ್ತಿತ್ತಂತೆ. ಬೆಕ್ಕಿಗೇನು ತಿಳಿಯುತ್ತೆ ಅಂತ ಊರಿನ ಅಭಿಪ್ರಾಯ. ಬೆಕ್ಕಿನ ಅಭಿಪ್ರಾಯ ಯಾರೂ ಕೇಳಿರಲಿಲ್ಲ.

ಇಲಿ ಹಿಡಿಯುವಷ್ಟು ದಿನ ಬೆಕ್ಕು ಬರೀ ಬೆಕ್ಕಾಗಿತ್ತಂತೆ. ಹಿಡಿಯೋದು ನಿಲ್ಲಿಸಿದ ಮೇಲೆ ಸನ್ಯಾಸಿ ಆಗ್ತಿತ್ತಂತೆ. ಅದಕ್ಕೆ ಮೂರು ಗುರುತು. ಮೊದಲು ಅನ್ನ ಬಿಡುತ್ತೆ, ಆಮೇಲೆ ಮೈತುಂಬ ಜಟೆ ಕಟ್ಟುತ್ತೆ, ಆಮೇಲೆ ಅಟ್ಟ ಹತ್ತೋದು ಬಿಟ್ಟು ನೆಲದ ಮೂಲೆ ಹಿಡಿದು ಗೋಡೆಗೆ ಮುಖ ಮಾಡಿ ಕೂರುತ್ತೆ. ಮೂರೂ ಕಂಡರೆ ಊರ ಹಿರಿಯ ಚಿಕ್ಕೀರಪ್ಪ ಬಂದು ನೋಡಿ, ವೈರಾಗ್ಯ ಬಂದಿದೆ ಅಂತ ತೀರ್ಮಾನ ಹೇಳಿ, ಹಣೆಗೆ ವಿಭೂತಿ ಹಚ್ಚಿಸಿ, ಬುಟ್ಟಿಯಲ್ಲಿ ಕೂರಿಸಿ, ಹರಿಗೋಲಿನಲ್ಲಿ ಹೊಳೆ ದಾಟಿಸಿ, ಆಚೆ ದಡದ ಕಲ್ಲುಮಂಟಪದಲ್ಲಿ ಬಿಡಿಸ್ತಿದ್ದನಂತೆ. ಅಲ್ಲಿಂದ ಅವು ತಾವಾಗಿ ಕಾಶಿಗೆ ಹೋಗ್ತವೆ ಅಂತ. ಹೋಗೋದನ್ನ ಕಂಡವರು ಒಬ್ಬರೂ ಇಲ್ಲ. ಹಿಂದೆ ಹೋಗಿ ನೋಡೋದು ಪಾಪ ಅಂತ ಇನ್ನೊಂದು ನಂಬಿಕೆ ಇತ್ತು, ಅದು ಬಹಳ ಅನುಕೂಲದ ನಂಬಿಕೆ.

ಮನುಷ್ಯರಿಗೂ ಅದೇ ಮೂರು ಗುರುತು, ಅದೇ ಹರಿಗೋಲು. ಬುಟ್ಟಿ ಮಾತ್ರ ಇಲ್ಲ.

ಹೂಂ ಅನ್ನು.

ಅದೇ ಊರಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಣ್ಣ ಪಾಲಯ್ಯನ ಭಟ್ಟಿಯಲ್ಲಿ ಜರಡಿ ಹಿಡೀತಿದ್ದಳಂತೆ. ಹಿಂದಿನ ವರ್ಷ ಅವಳ ಅವ್ವ ಓಬಕ್ಕನಿಗೆ ವೈರಾಗ್ಯ ಬಂದಿತ್ತು. ಓಬಕ್ಕ ತಟ್ಟೆ ಸರಿಸಿದಳು, ತಲೆ ಬಾಚೋದು ಬಿಟ್ಟಳು, ಮೂಲೆ ಹಿಡಿದಳು. ಊರೆಲ್ಲ ಅವಳ ಕಾಲಿಗೆ ಬಿತ್ತು, ಕೆಂಚವ್ವನೂ ಬಿದ್ದಳು, ಆಮೇಲೆ ಕೈಯಾರೆ ಹಾರ ಹಾಕಿ ತಾನೇ ಹರಿಗೋಲು ಹತ್ತಿಸಿದಳಂತೆ. ಹರಿಗೋಲು ನೆಟ್ಟಗೆ ಹೋಗೋದಿಲ್ಲವಲ್ಲ, ಸುತ್ತಿ ಸುತ್ತಿ ಹೋಗುತ್ತೆ. ಒಂದು ಸುತ್ತಿಗೆ ಅವ್ವನ ಮುಖ ಕಾಣ್ತು, ಒಂದು ಸುತ್ತಿಗೆ ಬೆನ್ನು, ಮತ್ತೆ ಮುಖ, ಮತ್ತೆ ಬೆನ್ನು. ಕಟ್ಟಕಡೆಗೆ ಕಂಡದ್ದು ಮುಖವೋ ಬೆನ್ನೋ ಅಂತ ಕೆಂಚವ್ವನಿಗೆ ಎಷ್ಟು ನೆನೆಸಿಕೊಂಡರೂ ನೆನಪಾಗ್ತಿರಲಿಲ್ಲವಂತೆ.

ಅಂದಿನಿಂದ ದಿನಾ ಸಂಜೆ ಭಟ್ಟಿ ಆರಿದ ಮೇಲೆ ದಂಡೆಗೆ ಹೋಗಿ ನಿಲ್ಲೋಳು. ಆಚೆ ಮಂಟಪದ ಕಂಬ ಕಡ್ಡಿಯಷ್ಟು ಕಾಣೋದು, ಅಷ್ಟೇ. ಅವ್ವ ಜರಡಿ ಆಡಿಸಿದರೆ ಎರಡು ಸಲ ಬೇಗ, ಒಂದು ಸಲ ನಿಧಾನ, ಹಾಗೊಂದು ಸದ್ದು ಬರ್ತಿತ್ತಂತೆ. ಊರಲ್ಲಿ ಯಾರ ಮನೆಯಲ್ಲಿ ಜರಡಿ ಸದ್ದಾದರೂ ಕೆಂಚವ್ವ ಕೈ ನಿಲ್ಲಿಸಿ ಕೇಳೋಳು. ಎರಡು ಬೇಗ, ಆಮೇಲೂ ಬೇಗವೇ. ಮತ್ತೆ ತನ್ನ ಜರಡಿ ಹಿಡಿಯೋಳು.

ಅವ್ವ ಬಿಟ್ಟುಹೋದದ್ದು ರಂಗಿ ಅನ್ನೋ ಬೆಕ್ಕನ್ನ. ಹದಿನಾರು ವರ್ಷದ್ದು, ಹುಟ್ಟಿದಾಗಿನಿಂದ ಅವ್ವನ ಮಡಿಲಲ್ಲೇ ಬೆಳೆದದ್ದು. ಅವ್ವ ಇಲ್ಲದ ಮನೆಯಲ್ಲಿ ಅವ್ವನ ಹಾಗೆ ಮೈ ಬೆಚ್ಚಗಿದ್ದದ್ದು ಅದೊಂದೇ ಅಂತ ಕೆಂಚವ್ವ ಅದನ್ನ ಪಕ್ಕದಲ್ಲಿ ಮಲಗಿಸಿಕೊಳ್ತಿದ್ದಳಂತೆ. ಆ ರಂಗಿಯೂ ಒಂದು ದಿನ ಮಂಡಕ್ಕಿ ಬಿಟ್ಟಿತು, ಜಟೆ ಕಟ್ಟಿತು, ಮೂಲೆ ಹಿಡಿಯಿತು.

ಪಾಲಯ್ಯ ಬುಟ್ಟಿ ತೊಳೆದಿಟ್ಟ. ಕೆಂಚವ್ವ ಅದನ್ನ ಒದ್ದು ಹಿತ್ತಲಿಗೆ ಹಾಕಿದಳಂತೆ. ಲೇ ಕೆಂಚೀ, ಸನ್ಯಾಸಿಯನ್ನ ತಡೆದರೆ ಮಂಡಕ್ಕಿ ಅರಳೋದಿಲ್ಲ, ಈ ವಾರವೇ ಅರ್ಧ ಅಕ್ಕಿ ಅರಳಲಿಲ್ಲ ಅಂದ ಪಾಲಯ್ಯ. ನೀನು ಒಣಗದ ಅಕ್ಕಿ ಬಾಣಲೆಗೆ ಸುರಿದರೆ ಬೆಕ್ಕೇನು ಮಾಡುತ್ತಣ್ಣ ಅಂದಳು ಕೆಂಚವ್ವ. ಜಗಳ ಕೇಳಿ ಚಿಕ್ಕೀರಪ್ಪ ಬಂದ, ಜಗುಲಿಯಲ್ಲಿ ಕೂತು ಎಲೆಅಡಿಕೆ ಹಾಕ್ಕೊಂಡ, ರಂಗಿಯನ್ನ ನೋಡಿದ. ಅದರ ಬಾಯಿಂದ ಜೊಲ್ಲು ಸುರೀತಿತ್ತು. ಅದು ಅಮೃತ ಅಂದನಂತೆ.

ಕೆಂಚವ್ವ ಅವನ ಮುಂದೆ ಸೆರಗೊಡ್ಡಿ ನಿಂತಳು. ದೊಡ್ಡಪ್ಪ, ಅವ್ವನನ್ನ ಕಳಿಸಿದೀನಿ, ಇದನ್ನೊಂದು ಬಿಡು ಅಂದಳು. ಚಿಕ್ಕೀರಪ್ಪನಿಗೂ ಹೆಣ್ಣುಮಕ್ಕಳಿದ್ದರು ಅಂತ ಕಾಣುತ್ತೆ. ಹೊಳೆ ದಾಟಿಸೋ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ ಇದೆ, ಅಷ್ಟರಲ್ಲಿ ಅದು ತಾನಾಗಿ ಉಣ್ಣಬೇಕು, ಜಟೆ ಹೋಗಬೇಕು, ಅಟ್ಟ ಹತ್ತಬೇಕು, ಮೂರರಲ್ಲಿ ಒಂದು ತಪ್ಪಿದರೂ ಬುಟ್ಟಿಗೆ ಅಂದ.

ಮೊದಲು ಊಟ. ಕೆಂಚವ್ವ ಮಂಡಕ್ಕಿಗೆ ಹಾಲು ಹಾಕಿದಳು, ರಂಗಿ ಮೂಸಿ ಹೋಯಿತು. ರೊಟ್ಟಿ ಮುರಿದು ಹಾಕಿದಳು, ಮೂಸಿ ಹೋಯಿತು. ಇಡೀ ಮೀನು ಹಾಕಿದಳು, ಅದನ್ನ ಕಚ್ಚಿತು, ಕಚ್ಚಿದ ತಕ್ಷಣ ಉಗುಳಿ, ಪಂಜದಿಂದ ಬಾಯಿ ಉಜ್ಜಿಕೊಂಡು, ದೂರ ಹೋಗಿ ಕೂತು ತಟ್ಟೆಯನ್ನೇ ನೋಡ್ತಾ ಇತ್ತಂತೆ. ಕೆಂಚವ್ವನಿಗೆ ಅದು ವಿಚಿತ್ರ ಅನ್ನಿಸಿತು. ಬೇಡ ಅನ್ನೋದು ತಟ್ಟೆಯ ಹತ್ತಿರ ಮೂರು ಸಲ ಯಾಕೆ ಬರುತ್ತೆ? ಬಂದು ಹೋದ ಮೇಲೂ ಯಾಕೆ ನೋಡುತ್ತೆ? ಅದನ್ನ ಹಳೇ ಸೀರೆಯಲ್ಲಿ ಸುತ್ತಿ, ಬಿಸಿಲಿಗೆ ಹಿಡಿದು, ಮೆಲ್ಲಗೆ ತುಟಿ ಎತ್ತಿ ನೋಡಿದಳಂತೆ. ಒಸಡು ಹಣ್ಣುಮೆಣಸಿನಕಾಯಿ ಬಣ್ಣ. ದವಡೆಯಲ್ಲಿ ಒಂದು ಹಲ್ಲು ಕಪ್ಪಗಾಗಿ ಅಲ್ಲಾಡ್ತಿತ್ತು. ಅಮೃತ ಅಲ್ಲಿಂದ ಬರ್ತಿತ್ತು.

ಹರಿಗೋಲಿನ ಭರಮಣ್ಣನ ಹತ್ತಿರ ಹೋಗಿ ಸಣ್ಣ ಮೀನು ಕೇಳಿದಳಂತೆ. ಯಾರಿಗವ್ವ, ಮನೆಗೆ ಕೂಸು ಬಂತಾ ಅಂದ ಅವನು. ಬಂದಿದೆ, ಹದಿನಾರು ವರ್ಷದ್ದು ಅಂದಳು. ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ಒಂದೂ ಬಿಡದೆ ತೆಗೆದು, ಕಲ್ಲಲ್ಲಿ ನುಣ್ಣಗೆ ಅರೆದು ಇಟ್ಟಳು. ತಣ್ಣಗಾಗಿತ್ತು, ಮುಟ್ಟಲಿಲ್ಲ. ಮತ್ತೆ ಒಲೆಯ ಬದಿಗಿಟ್ಟು ಬೆಚ್ಚಗೆ ಮಾಡಿದಳು, ಆಗ ಮುದಿ ಮೂಗಿಗೆ ವಾಸನೆ ಏರಿತು. ರಂಗಿ ಎದ್ದು ಬಂದು ತಲೆ ಒಂದು ಕಡೆ ವಾಲಿಸಿ, ನೋವಿಲ್ಲದ ಮಗ್ಗುಲಲ್ಲಿ ನೆಕ್ಕಿ ನೆಕ್ಕಿ ತಿಂದಿತಂತೆ. ಒಂದೇ ಸಲ ಜಾಸ್ತಿ ಇಟ್ಟರೆ ಕಕ್ಕುತ್ತೆ ಅಂತ ಎರಡನೇ ದಿನ ತಿಳೀತು. ಆಮೇಲೆ ದಿನಕ್ಕೆ ಐದು ಸಲ, ಸಲಕ್ಕೆ ಒಂದು ಹಿಡಿ, ಪಕ್ಕದಲ್ಲಿ ಅಗಲ ಬಾಯಿಯ ಬೋಗುಣಿಯಲ್ಲಿ ನೀರು. ನಾಲ್ಕನೇ ದಿನ ಆ ಕಪ್ಪು ಹಲ್ಲು ತಾನೇ ಬಿದ್ದು ತಟ್ಟೆಯಲ್ಲಿ ಸಿಕ್ಕಿತು. ಪಾಲಯ್ಯ ಅದನ್ನ ಕಣ್ಣಿಗೊತ್ತಿಕೊಂಡನಂತೆ, ಸನ್ಯಾಸಿಯ ಹಲ್ಲು ಅಂತ.

ಎರಡನೇದು ಜಟೆ. ಕೆಂಚವ್ವ ಬಾಚಣಿಗೆ ತಗೊಂಡು ಎಳೆದಳು, ರಂಗಿ ಕೈಗೆ ಉಗುರು ಹಾಕಿ ಅಕ್ಕಿ ಮೂಟೆಯ ಹಿಂದೆ ಸೇರಿಕೊಂಡಿತು. ರಕ್ತ ಒರೆಸಿಕೊಳ್ತಾ ಕೂತವಳಿಗೆ ಅವ್ವ ತಲೆ ಬಾಚ್ತಿದ್ದದ್ದು ನೆನಪಾಯಿತಂತೆ. ಅವ್ವ ಸಿಕ್ಕಿನ ಬುಡವನ್ನ ಎಡಗೈ ಬೆರಳಲ್ಲಿ ಒತ್ತಿ ಹಿಡಿದು, ತುದಿಯಿಂದ ಬಿಡಿಸ್ತಾ ಬರ್ತಿದ್ದಳು. ಎಳೆದರೂ ನೆತ್ತಿಗೆ ಗೊತ್ತಾಗ್ತಿರಲಿಲ್ಲ. ಹಾಗೆ ಬಾಚಿಸಿಕೊಂಡು ಎಷ್ಟು ವರ್ಷವಾಯಿತು ಅಂತ ಕೆಂಚವ್ವ ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಎದ್ದು ರಂಗಿಯ ಜಟೆಯನ್ನೂ ಹಾಗೇ ಹಿಡಿದಳು. ರಂಗಿ ಸುಮ್ಮನಿತ್ತು. ಒಂದು ಸಲಕ್ಕೆ ಒಂದು ಗಂಟು, ಬಾಲ ಬಡಿದರೆ ಅಲ್ಲಿಗೆ ಸಾಕು. ಸೊಂಟದ ಮೇಲೆ ಕಂಬಳಿಯ ಹಾಗೆ ಗಟ್ಟಿಯಾದದ್ದನ್ನ, ಕತ್ತರಿಗೂ ಚರ್ಮಕ್ಕೂ ನಡುವೆ ತನ್ನ ಬೆರಳಿಟ್ಟು ಕತ್ತರಿಸಿ ತೆಗೆದಳು. ಮುದಿ ಮೈ ತಣ್ಣೀರು ತಡೆಯೋದಿಲ್ಲ ಅಂತ ಸ್ನಾನ ಮಾಡಿಸದೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಲ್ಲಿ ಒರೆಸಿದಳು. ಜಟೆಯ ಅಡಿಯಲ್ಲಿ ಚರ್ಮ ಕೆಂಪಗೆ ಬೆಂದಿತ್ತಂತೆ. ಬಾಯಿ ನೋಯೋದು ನೆಕ್ಕಿಕೊಳ್ಳೋದು ಹೇಗೆ, ಸೊಂಟ ತಿರುಗದ್ದು ಬೆನ್ನು ಮುಟ್ಟೋದು ಹೇಗೆ?

ಹೂಂ ಅಂತೀಯೋ, ನಿದ್ದೆ ಬಂತೋ? ಸರಿ.

ಮೂರನೇದು ಅಟ್ಟ. ರಂಗಿ ಅಟ್ಟದ ಕಡೆ ನೋಡೋದು, ಹಿಂಗಾಲು ಮಡಿಸೋದು, ಬಿಡೋದು. ಕೆಂಚವ್ವ ಭಟ್ಟಿಯ ಮರಳನ್ನ ಉಗುರುಬೆಚ್ಚಗೆ ಆರಿಸಿ ಚೀಲದಲ್ಲಿ ಹೊಲಿದು ಅದರ ಮೇಲೆ ರಂಗಿಯನ್ನ ಮಲಗಿಸಿದಳಂತೆ. ಶಾಖಕ್ಕೆ ಸೊಂಟ ಸಡಿಲವಾಯಿತು. ಆಮೇಲೆ ತೌಡಿನ ಮೂಟೆ, ಅದರ ಪಕ್ಕ ಒರಳು, ಅದರ ಪಕ್ಕ ನಿಲ್ಲಿಸಿದ ಪೆಟ್ಟಿಗೆ, ಹೀಗೆ ಒಂದಕ್ಕಿಂತ ಒಂದು ಎತ್ತರ ಮಾಡಿ ಅಟ್ಟದವರೆಗೆ ಜೋಡಿಸಿದಳು.

ಅಮಾವಾಸ್ಯೆಯ ಬೆಳಗ್ಗೆ ಊರೆಲ್ಲ ಬಂತು. ಬುಟ್ಟಿಯೂ ಬಂತು. ರಂಗಿ ಎಲ್ಲರೆದುರು ಒಂದು ಹಿಡಿ ಮೀನು ತಿಂದಿತು. ಚಿಕ್ಕೀರಪ್ಪ ಅದರ ಮೈಮೇಲೆ ಕೈಯಾಡಿಸಿದ, ಒಂದು ಗಂಟೂ ಸಿಗಲಿಲ್ಲ. ಆಮೇಲೆ ರಂಗಿ ತೌಡಿನ ಮೂಟೆ ಹತ್ತಿತು, ಕೂತು ಸುಧಾರಿಸಿಕೊಂಡಿತು. ಒರಳು ಹತ್ತಿತು, ಮತ್ತೆ ಕೂತಿತು. ಪೆಟ್ಟಿಗೆ ಹತ್ತಿ ಅಲ್ಲೇ ಕಣ್ಣುಮುಚ್ಚಿತು. ಜನ ಕಾದರು, ಚಿಕ್ಕೀರಪ್ಪ ಇನ್ನೊಂದು ಎಲೆ ಹಾಕ್ಕೊಂಡ. ಆಮೇಲೆ ರಂಗಿ ಎದ್ದು ಅಟ್ಟಕ್ಕೆ ಕಾಲಿಟ್ಟು ಒಳಗೆ ಹೋಯಿತು.

ಮೆಟ್ಟಿಲು ಇಟ್ಟದ್ದು ಮೋಸ ಅಂದ ಚಿಕ್ಕೀರಪ್ಪ. ನಿನ್ನ ಜಗುಲಿಗೆ ಮೂರು ಮೆಟ್ಟಿಲಿದೆಯಲ್ಲ ದೊಡ್ಡಪ್ಪ, ಅದನ್ನ ತೆಗೆಸಿ ಒಂದು ಸಲ ನೆಗೆದು ಹತ್ತು ನೋಡೋಣ ಅಂದಳು ಕೆಂಚವ್ವ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಕೆಂಚವ್ವನೂ ನಕ್ಕಳು, ನಗ್ತಾ ನಗ್ತಾ ನಿಲ್ಲಿಸಿದಳಂತೆ. ಅಣ್ಣ, ಅವ್ವ ಊಟದ ಹೊತ್ತಿಗೆ ತಟ್ಟೆ ಹತ್ತಿರ ಬರ್ತಿದ್ದಳಲ್ಲವಾ ಅಂತ ಕೇಳಿದಳು. ಪಾಲಯ್ಯ ಬುಟ್ಟಿಯನ್ನ ಕಾಲಿಂದ ಹಿಂದಕ್ಕೆ ಸರಿಸಿದ. ದಿನಾ ಬರ್ತಿದ್ದಳು. ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿ, ಕೆನ್ನೆ ಹಿಡಿದುಕೊಂಡು, ಎದ್ದು ಹೋಗ್ತಿದ್ದಳು. ತಲೆಗೆ ಕೈ ಎತ್ತಲು ಹೋಗಿ ಅರ್ಧಕ್ಕೇ ಇಳಿಸ್ತಿದ್ದಳು. ಕೆಂಚವ್ವ ಅದೆಲ್ಲ ನೋಡಿದ್ದಳು. ನೋಡಿ ಕೈ ಮುಗಿದಿದ್ದಳು.

ಅಲ್ಲಿಂದ ಓಡಿದವಳು ಹರಿಗೋಲಿನಲ್ಲೇ ನಿಂತಳಂತೆ. ಆಚೆ ದಡಕ್ಕೆ ಅಂದಳು. ಹಿಂದೆ ಹೋಗಿ ನೋಡೋದು ಪಾಪ ಅಂತಾರಲ್ಲ ಅಂದ ಭರಮಣ್ಣ. ನನ್ನವ್ವ ಕಾಶಿಗೆ ಹೋದಳಾ, ಹೇಳು ಅಂದಳು. ಎಲ್ಲಿಯ ಕಾಶಿ, ಮಂಟಪದಲ್ಲೇ ಇದ್ದಾಳೆ, ನಾನು ಆಗಾಗ ಮೀನು ಸಾರು ಕೊಡ್ತೀನಿ ಅಂದನಂತೆ. ಒಂದು ವರ್ಷ ಯಾಕೆ ಹೇಳಲಿಲ್ಲ ಅಂದರೆ, ಯಾರೂ ಕೇಳಲಿಲ್ಲವಲ್ಲ ಅಂದ.

ಮಂಟಪದಲ್ಲಿ ಊರಿನ ಬೆಕ್ಕುಸನ್ಯಾಸಿಗಳೆಲ್ಲ ಇದ್ದವಂತೆ, ಕರಿದು, ಬಿಳಿದು, ಒಕ್ಕಣ್ಣಿಂದು. ಮನುಷ್ಯರಲ್ಲಿ ಉಳಿದಿದ್ದವಳು ಓಬಕ್ಕ ಒಬ್ಬಳೇ, ಅವುಗಳ ನಡುವೆ ಕೂತಿದ್ದಳು, ಬೊಗಸೆಯಷ್ಟಾಗಿದ್ದಳು. ಮಗಳನ್ನ ನೋಡಿ, ಬಂದೆಯಾ ಅಂದಳು. ಕೆಂಚವ್ವ ಕಾಲಿಗೆ ಬೀಳಲು ಹೋದರೆ ಅವ್ವ ಕಾಲು ಹಿಂದಕ್ಕೆಳಕೊಂಡಳಂತೆ. ಅದೊಂದು ಮಾಡಬೇಡ ಮಗಳೇ, ಹಲ್ಲು ನೋಯುತ್ತೆ ಅಂತ ನಾನು ಬಾಯಿ ತೆರೆದರೆ ನೀವೆಲ್ಲ ಕಾಲಿಗೆ ಬೀಳ್ತಿದ್ದಿರಿ, ಬಿದ್ದವರ ಹತ್ತಿರ ಏನಂತ ಹೇಳಲಿ ಅಂದಳು. ವಾಪಸು ಬರಬಾರದಿತ್ತೇನವ್ವ ಅಂದಳು ಕೆಂಚವ್ವ. ಹಾರ ಹಾಕಿ ಕಳಿಸಿದ ಮೇಲೆ ಯಾವ ಮುಖ ಹೊತ್ತು ಬರಲಿ, ದಿನಾ ಸಂಜೆ ಆಚೆ ದಡದಲ್ಲಿ ಒಂದು ಚುಕ್ಕೆ ಬಂದು ನಿಲ್ತಿತ್ತು, ಅದು ನೀನೇ ಅಂದುಕೊಂಡು ನೋಡ್ತಿದ್ದೆ ಅಂದಳು ಓಬಕ್ಕ.

ಹರಿಗೋಲು ಎರಡು ಸಲ ಓಡಾಡಿತು, ಒಂದು ಸಲ ಓಬಕ್ಕನಿಗೆ, ಒಂದು ಸಲ ಬೆಕ್ಕುಗಳಿಗೆ. ಊರವರು ತಮ್ಮ ತಮ್ಮ ಸನ್ಯಾಸಿಯನ್ನ ಗುರುತು ಹಿಡಿದು, ಮುಖ ತಪ್ಪಿಸಿಕೊಂಡು, ಮನೆಗೆ ಎತ್ತಿಕೊಂಡು ಹೋದರಂತೆ. ಚಿಕ್ಕೀರಪ್ಪ ತನಗೆ ಇದು ಮೊದಲೇ ಗೊತ್ತಿತ್ತು ಅಂದ. ಪಾಲಯ್ಯ ಒಲೆ ಹಚ್ಚಿದ, ಕೆಂಚವ್ವ ಅಕ್ಕಿ ನುಚ್ಚು ಮೆತ್ತಗೆ ಬೇಯಿಸಿದಳು, ರಂಗಿ ಅಟ್ಟದಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದು ಓಬಕ್ಕನ ಮಡಿಲು ಸೇರಿತು. ಅವರು ಅಲ್ಲಿ ಚೆನ್ನಾಗಿದ್ದರು, ನಾವು ಇಲ್ಲಿ ಇದ್ದೀವಿ, ಕತೆ ಮಲಗಿತು, ನೀನೂ ಮಲಗು.

ಏನು? ಅವತ್ತು ಓಬಕ್ಕ ಉಂಡಳಾ ಅಂತಲಾ?

ಮೂರು ಬಟ್ಟಲು ಗಂಜಿ ಕುಡಿದಳು.