ಜುಂಜಮ್ಮನ ತುದಿ

ಬಿಲ್ಲಗುಡ್ಡದ ಗವಿಗೆ ಬಂದವರೆಲ್ಲ ಮೊದಲು ಕೇಳುವುದು, ಜುಂಜಮ್ಮನ ತುದಿ ಇಲ್ಲಿಗೆ ಎಷ್ಟು ದೂರ ಎಂದು. ಗವಿಯ ಬಾಯಲ್ಲಿ ಸೌತೆಕಾಯಿ ಮಾರುವವಳು ಇಷ್ಟು ಅಷ್ಟು ಎಂದು ಹೇಳುವುದಿಲ್ಲ. "ನಮ್ಮ ಮಾತು ಕೇಳಿಸೋದು ನಿಂತ್ರೆ ತುದಿ ಬಂತು ಅಂದ್ಕೊಳ್ಳಿ," ಎಂದು ಕತ್ತಲಿನ ಕಡೆ ಕೈ ತೋರಿಸುತ್ತಾಳೆ. ಬಾವಲಿಗಳಿಗೂ ತೆವಳುವ ಸಂದಿಗೂ ಹೆದರಿ ಅರ್ಧಕ್ಕೇ ಹಿಂದಿರುಗುವವರು ಬಹಳ. ಹಾಗೆ ಹಿಂದಿರುಗಿ, ತುದಿ ಮುಟ್ಟಿ ಬಂದೆವೆಂದು ಹೊರಗೆ ಬಡಾಯಿ ಕೊಚ್ಚುವವರು ಇನ್ನೂ ಬಹಳ. ಆ ಸುಳ್ಳನ್ನು ಶುರುಮಾಡಿದ್ದು ಈ ಊರಿನ ದೊಡ್ಡ ಮನೆತನವೇ. ಹೆಸರೆತ್ತಿದರೆ ಅವರ ಮನೆಯವರಿಗೆ ಈಗಲೂ ಮೂಗಿನ ತುದಿಯಲ್ಲಿ ಕೋಪ. ಎತ್ತದೆ ಬಿಟ್ಟರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ಹಿಂದೆ ಒಮ್ಮೆ ಈ ಊರಿಗೆ ಕೆಂಚಪ್ಪಗೌಡನೆಂಬವನು ಯಜಮಾನನಾಗಿದ್ದನು. ಗವಿಯ ತುದಿಯಲ್ಲಿ ಒಳಮಲ್ಲಪ್ಪನೆಂಬ ದೇವರು ಕುಳಿತಿದ್ದಾನೆ, ಅವನಿಗೆ ಅಮಾವಾಸ್ಯೆಯ ದೀಪ ಒಯ್ಯುವ ಹಕ್ಕು ಗೌಡನ ಮನೆಯವರಿಗೆ ಮಾತ್ರ ಎಂದು ಕಟ್ಟಳೆ. ಗೌಡ ದೀಪ ಹಿಡಿದು ಒಬ್ಬನೇ ಒಳಗೆ ಹೋಗುವನು. ಊರೆಲ್ಲ ಹೊರಗೆ ಕಾಯುತ್ತ ಕುಳಿತಿರುವುದು. ಕಾಯುವ ಜನ ಬಾಯಿ ಮುಚ್ಚಿಕೊಂಡಿರುತ್ತಾರೆಯೇ? ಯಾರ ಸೊಸೆ ಯಾರ ಹಿತ್ತಲಲ್ಲಿ ಕಂಡಳು, ಯಾರ ಹಂಡೆ ಯಾರ ಅಟ್ಟ ಸೇರಿತು, ಎಲ್ಲವನ್ನೂ ಅಲ್ಲೇ ಪಿಸುಗುಟ್ಟಿಕೊಳ್ಳುವರು. ಬಹಳ ಹೊತ್ತಿನ ಮೇಲೆ ಗೌಡ ಬೆವರೊರೆಸಿಕೊಳ್ಳುತ್ತ ಹೊರಬಂದು, ಸ್ವಾಮಿ ಹೀಗೆಂದ ಎಂದು ಕಣ್ಣು ಮುಚ್ಚಿ ನುಡಿಯುವುದೆಲ್ಲ ಅದೇ ಹಂಡೆ, ಅದೇ ಹಿತ್ತಲು! ಮಲ್ಲಪ್ಪನಿಗೆ ತಿಳಿಯದ್ದಿಲ್ಲವೆಂದು ಜನ ನಡುಗಿ, ಗೌಡ ಕೊಟ್ಟ ತೀರ್ಪಿಗೆ ತಲೆಬಾಗುತ್ತಿದ್ದರು ಎನ್ನುತ್ತಾರೆ.

ಆ ಕಾಲದಲ್ಲಿ ಜುಂಜಮ್ಮನೆಂಬ ವಿಧವೆ ಗುಡ್ಡದ ಕೆಳಗೆ ಕುರಿ ಕಟ್ಟಿಕೊಂಡು ಬದುಕುತ್ತಿದ್ದಳು. ಎತ್ತರದ ಹೆಂಗಸು, ಮಾತು ಕಡಿಮೆ, ಬಾಗಿಲಿನ ಅಗುಳಿ ಗಟ್ಟಿ. ಬಳೆಗಾರನೊಬ್ಬ ಮಳೆಗೆ ಸಿಕ್ಕಿ ಅವಳ ಕುರಿದೊಡ್ಡಿಯಲ್ಲಿ ತಂಗಿದನಂತೆ. ಊರಿಗೆ ಅಷ್ಟೇ ಸಾಕಾಯಿತು. ಮುಂದಿನ ಅಮಾವಾಸ್ಯೆ ಗೌಡ ಗವಿಯಿಂದ ಹೊರಬಂದು, "ಜುಂಜಿ ಕೆಟ್ಟವಳು. ಕುರಿ ಬಿಟ್ಟು ಊರು ಬಿಡಬೇಕು ಅಂತ ಸ್ವಾಮಿ ಅಪ್ಪಣೆ," ಎಂದನು. ಕುರಿ ಹೋದರೆ ಅವಳಿಗೆ ಅನ್ನವಿಲ್ಲ; ಆ ಹೆಸರು ಹೊತ್ತು ಹೋದರೆ ಯಾವ ಊರೂ ಅವಳನ್ನು ಸೇರಿಸುವುದಿಲ್ಲ. ಕಾಲಿಗೆ ಬೀಳುತ್ತಾಳೆಂದು ಎಲ್ಲರೂ ಕತ್ತು ಚಾಚಿ ನೋಡಿದರು. ಅವಳು ಬೀಳಲಿಲ್ಲ. "ನಿಮಗೆ ಅಂದದ್ದನ್ನ ನನಗೂ ಅನ್ನಲಿ ಗೌಡ್ರೇ. ನಾನೇ ಹೋಗಿ ಕೇಳ್ತೀನಿ," ಎಂದಳು. ಗೌಡ ನಕ್ಕನು. "ಹೋಗು ಹೋಗು. ನಿನ್ನ ಹೆಣ ತರೋಕೂ ಯಾರೂ ಬರಲ್ಲ."

ಜುಂಜಮ್ಮ ಕಂಬಳಿ ಹೊದ್ದು, ಹಣತೆ ಹಿಡಿದು ಒಳನಡೆದಳು. ಮೊದಲ ತಿರುವಿನಲ್ಲೇ ಕಾಲಿಗೆ ಏನೋ ತಾಗಿ ಗಲಗಲವೆಂದಿತು. ನೋಡಿದರೆ ರಾಶಿ ಹಣತೆ! ಗೌಡನ ಅಜ್ಜನ ಕಾಲದವೂ ಅಲ್ಲೇ, ಈಗ ತಾನೇ ಆರಿಸಿದ್ದೂ ಅಲ್ಲೇ. ಪಕ್ಕದಲ್ಲಿ ಕುಳಿತು ಕುಳಿತು ನುಣುಪಾದ ಒಂದು ಕಲ್ಲು, ಗೋಡೆಯ ತುಂಬ ಎಲೆಯಡಿಕೆ ಉಗುಳಿದ ಕೆಂಪು. ಅವಳೂ ಆ ಕಲ್ಲಿನ ಮೇಲೆ ಕುಳಿತಳು. ಹೊರಗಿನ ಪಿಸುಮಾತೆಲ್ಲ ಬಂಡೆಯ ಗುಂಟ ಹರಿದು ಬಂದು ಕಿವಿಯಲ್ಲೇ ಉಸುರಿದಂತೆ ಕೇಳಿತು. ಗೌಡ ತನ್ನ ಗೆಳೆಯ ಭರ್ಮಣ್ಣನಿಗೆ ಹೇಳುತ್ತಿದ್ದನು: "ಎಷ್ಟು ಸಲ ಬಾಗಿಲು ತಟ್ಟಿದೆ ಕಣೋ! ತೆಗೆದಿದ್ರೆ ಇವತ್ತು ಅವಳಿಗೆ ಈ ಗತಿ ಬರ್ತಿತ್ತಾ?" ಜನ್ಮವೆಲ್ಲ ಒಳಗೆ ಕುಳಿತು ಊರಿನ ಮಾತು ಕದ್ದು ಕೇಳಿದವನಿಗೆ, ಹೊರಗೆ ಕುಳಿತಾಗ ತನ್ನ ಮಾತೂ ಒಳಗೆ ಕೇಳಿಸೀತೆಂದು ಹೊಳೆಯಲೇ ಇಲ್ಲ ನೋಡಿ!

ಅಲ್ಲಿಂದಲೇ ಹಿಂದಿರುಗಿದ್ದರೂ ಅವಳೇ ಗೆಲ್ಲುತ್ತಿದ್ದಳು. ಆದರೆ ಸ್ವಾಮಿಯನ್ನು ಕೇಳುತ್ತೇನೆಂದು ಬಂದವಳು ಮುಂದಕ್ಕೆ ತೆವಳಿದಳು. ಮೊದಲು ಮಾತುಗಳು ಕಲಸಿಹೋದವು, ಆಮೇಲೆ ನಗೆ ಅಡಗಿತು, ಕಡೆಗೆ ಯಾವುದೋ ಕೂಸಿನ ಅಳುವೂ ಹಿಂದುಳಿಯಿತು. ತೊಟ್ಟಿಕ್ಕುವ ನೀರು ಬಿಟ್ಟರೆ ಸದ್ದಿಲ್ಲದ ಜಾಗದಲ್ಲಿ ಮಲ್ಲಪ್ಪನ ಕಲ್ಲು ಒಂಟಿಯಾಗಿ ನಿಂತಿತ್ತು. ಅದರ ಮೇಲೆ ದೀಪದ ಮಸಿಯಿಲ್ಲ, ಎಣ್ಣೆಯ ಜಿಡ್ಡಿಲ್ಲ. ತನ್ನನ್ನು ಯಾರೂ ಆಡಿಕೊಳ್ಳದ ಜಾಗ ಅವಳಿಗೆ ಮೊದಲ ಬಾರಿಗೆ ಸಿಕ್ಕಿತ್ತು. ಮನಸ್ಸು ತಣಿಯುವವರೆಗೆ ಕುಳಿತು, ಗುರುತಿಗೆಂದು ಕಂಬಳಿಯನ್ನು ಮಡಿಸಿ ಅಲ್ಲೇ ಇಟ್ಟು, ಹಿಂದಿರುಗಿದಳು.

"ಏನಂದ ನಿನ್ನ ಸ್ವಾಮಿ?" ಗೌಡ ಹಂಗಿಸಿದನು.

"ಏನೂ ಅನ್ನಲಿಲ್ಲ ಗೌಡ್ರೇ. ನಮ್ಮ ಚಾಡಿ ಕೇಳಿಸೋವಷ್ಟು ಹತ್ತಿರ ಅವನು ಕೂತಿಲ್ಲ. ಕೇಳಿಸೋದು ನೀವು ಕೂರೋ ಕಲ್ಲಿಗೆ," ಎಂದು, ಗೌಡ ಭರ್ಮಣ್ಣನಿಗೆ ಹೇಳಿದ ಮಾತನ್ನು ಊರೆದುರು ಅಕ್ಷರ ಬಿಡದೆ ಹೇಳಿದಳು. ಭರ್ಮಣ್ಣನ ಮುಖ ಸುಟ್ಟ ಬದನೆಕಾಯಿಯಾಯಿತು. ಗೌಡನ ಹೆಂಡತಿ ಸಿರಿಯಮ್ಮ ಜುಂಜಮ್ಮನ ಕೈಯ ಹಣತೆ ಕಿತ್ತುಕೊಂಡು ಒಳಗೆ ಹೋದಳು. ತಿರುವಿನಿಂದ ಅವಳ ಕೂಗು ಬಂತು: "ಈ ಉಗುಳು ನಿಮ್ದೇ ಕಣ್ರೀ! ಎಲ್ಲಿ, ಇನ್ನೊಂದು ಸಲ ಪಿಸುಗುಟ್ಟಿ, ಕೂತು ಕೇಳ್ತೀನಿ!" ಜನ ನಕ್ಕ ನಗುವಿಗೆ ಬಾವಲಿಗಳೆಲ್ಲ ಎದ್ದವಂತೆ. ಗಟ್ಟಿ ಎದೆಯ ನಾಲ್ಕಾರು ಜನ ತುದಿಯವರೆಗೆ ತೆವಳಿ ಕಂಬಳಿ ಕಂಡು ಬಂದರು. ಜುಂಜಮ್ಮನನ್ನೂ ಅವಳ ಕುರಿಗಳನ್ನೂ ಡೊಳ್ಳು ಬಡಿಯುತ್ತ ಮನೆಗೆ ಕಳಿಸಿದರು. ಗೌಡ ಮನೆಗೆ ಹೋದ. ಸಿರಿಯಮ್ಮ ಒಳಗಿನಿಂದ ಅಗುಳಿ ಹಾಕಿದ್ದಳು ಎನ್ನುತ್ತಾರೆ.

ತಿರುವಿನ ಹಣತೆ ರಾಶಿ, ಗೋಡೆಯ ಕೆಂಪು ಈಗಲೂ ಇವೆ. ತುದಿಯಲ್ಲಿ ಮಲ್ಲಪ್ಪನ ಮುಂದೆ ಮಡಿಸಿಟ್ಟ ಕಂಬಳಿಯಂಥದ್ದೊಂದು ಕಲ್ಲಿದೆ. ಜುಂಜಮ್ಮನ ಕಂಬಳಿಯೇ ನೀರು ತೊಟ್ಟಿಕ್ಕಿ ಹಾಗಾಯಿತೆನ್ನುತ್ತಾರೆ, ಮಡಿಕೆ ಮುಟ್ಟಿದರೆ ತಿಳಿಯುತ್ತದೆ. ಅಮಾವಾಸ್ಯೆಯ ದೀಪವನ್ನು ಅವಳ ವಂಶದ ಹೆಣ್ಣುಮಕ್ಕಳೇ ಒಯ್ಯುತ್ತಾರೆ. ಮಂಡಿಗೆ ಮಣ್ಣು ಮೆತ್ತಿಕೊಂಡು ಹೊರಬಂದವಳನ್ನು ಊರೆಲ್ಲ ಸುತ್ತುಗಟ್ಟಿ, "ಸ್ವಾಮಿ ಏನಂದ?" ಎಂದು ಕೇಳಬೇಕು. ಅವಳು ತಲೆಯೆತ್ತಿ, "ಏನೂ ಅನ್ನಲಿಲ್ಲ!" ಎನ್ನಬೇಕು. ಆಗಲೇ ಡೊಳ್ಳಿಗೆ ಮೊದಲ ಪೆಟ್ಟು.