ದಾರಿ ಬಿಡದ ಟಿಟ್ಟಿಭ

ವಾರಿಜಾಳ ಸೈಕಲ್ಲಿನ ಬೆಲ್ಲಿಗೆ ಬಲು ಜಂಬವಿತ್ತು. ಪೇಟೆಯಲ್ಲಿ ಅದು ಟ್ರಿಣ್ ಎಂದರೆ ಸಾಕು, ಜನ ಪಕ್ಕಕ್ಕೆ ಸರಿಯುತ್ತಿದ್ದರು. ಒಮ್ಮೆ ಅವಳು ಹಳ್ಳಿಗಳನ್ನು ಸುತ್ತಲೆಂದು ನಾಲೆಯ ಏರಿಯ ದಾರಿ ಹಿಡಿದಳು. ಅಲ್ಲಿ ಬಸ್ಸಿಲ್ಲ, ಲಾರಿಯಿಲ್ಲ, ನರಪಿಳ್ಳೆಯೂ ಇಲ್ಲ. ಬೆಲ್ಲಿಗೆ ನಾಲಿಗೆ ತುರಿಸತೊಡಗಿತು.

ಅಷ್ಟರಲ್ಲಿ ದಾರಿಯ ನಡುವೆ ಟಿಟ್ಟಿಭ ಹಕ್ಕಿಯೊಂದು ಕೂತಿರುವುದು ಕಂಡಿತು. ಬೆಲ್ಲು ಹಿಗ್ಗಿ ಕೂಗಿತು: "ಟ್ರಿಣ್! ಏಳು, ದಾರಿ ಬಿಡು!"

"ಏಳಲಾರೆ. ನನ್ನ ಕೆಳಗೆ ಮೊಟ್ಟೆಗಳಿವೆ," ಎಂದಿತು ಹಕ್ಕಿ.

"ನಾನು ಯಾರು ಗೊತ್ತೇ? ನನ್ನ ದನಿಗೆ ಗೂಳಿಗಳೇ ಸರಿದಿವೆ!"

"ಸರಿದಿರಬಹುದು. ಅವು ಕಾವಿಗೆ ಕೂತಿರಲಿಲ್ಲ."

ಬೆಲ್ಲು ಇನ್ನಷ್ಟು ಜೋರಾಗಿ ಬಡಿದುಕೊಂಡಿತು. ಹಕ್ಕಿ ನಡುಗಿತು, ಆದರೆ ಏಳಲಿಲ್ಲ. ವಾರಿಜಾ ಬ್ರೇಕು ಹಿಡಿದು ಇಳಿದಳು. ಸೈಕಲ್ಲನ್ನು ಹೆಗಲಿಗೇರಿಸಿಕೊಂಡು, ಹುಲ್ಲಿನಲ್ಲಿ ಸುತ್ತುಹಾಕಿ ದಾಟಿದಳು. ಕೊನೆಗೆ ಬೆಲ್ಲೇ ಪಕ್ಕಕ್ಕೆ ಸರಿಯಬೇಕಾಯಿತು.

"ದಾರಿ ಬಿಟ್ಟಿರಿ, ಉಪಕಾರವಾಯಿತು," ಎಂದಿತು ಹಕ್ಕಿ.

ಬೆಲ್ಲಿಗೆ ನಾಚಿಕೆಯಾಯಿತು. "ತಿಂಗಳ ಮೇಲೆ ಹಿಂದಿರುಗುವಾಗಲೂ ಇದೇ ದಾರಿ. ಆಗ ಸದ್ದು ಮಾಡದೆ ಬರುತ್ತೇನೆ," ಎಂದಿತು.

"ಬೇಡ, ಧಾರಾಳವಾಗಿ ಕೂಗುತ್ತಲೇ ಬಾ. ಅಷ್ಟು ಹೊತ್ತಿಗೆ ಮರಿಗಳಿಗೆ ಕಾಲು ಬಂದಿರುತ್ತದೆ. ಕಾಲಿದ್ದವರಿಗೆ ನಿನ್ನ ದನಿ ಒಳ್ಳೆಯದೇ!"